ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಮತ್ತು ಪರಿಸರ ಅರ್ಥಶಾಸ್ತ್ರ: ಶ್ರೀರಂಗಪಟ್ಟಣದಿಂದ ಆದಿಚುಂಚನಗಿರಿವರೆಗೆ

ಪರಿಸರ ಅರ್ಥಶಾಸ್ತ್ರವು ನೀರು, ಮಣ್ಣು, ಕಾಡು, ಖನಿಜ ಮುಂತಾದ ನೈಸರ್ಗಿಕ ಸಂಪತ್ತಿನ ಬಳಕೆಯಿಂದ ಯಾರಿಗೆ ಎಷ್ಟು ಲಾಭ, ಯಾರ ಮೇಲೆ ಎಷ್ಟು ವೆಚ್ಚ ಎಂಬುದನ್ನು ಲೆಕ್ಕ ಹಾಕಿ, ಬಳಕೆಗೆ ತಕ್ಕ ನಿಯಮಗಳನ್ನು ಸೂಚಿಸುವ ಅರ್ಥಶಾಸ್ತ್ರದ ಶಾಖೆ. ಆ ನಿಯಮಗಳನ್ನು ಜಾರಿಗೆ ತಂದು ಸಂಪತ್ತು ಬತ್ತದಂತೆ, ಕೆಡದಂತೆ ನೋಡಿಕೊಳ್ಳುವ ಕೆಲಸವೇ ನೈಸರ್ಗಿಕ ಸಂಪನ್ಮೂಲ ನಿರ್ವಹಣೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಇವೆರಡರ ಅಧ್ಯಯನಕ್ಕೆ ಒದಗುವ ಅಪರೂಪದ ಪ್ರದೇಶ. ಹದಿನೇಳನೆಯ ಶತಮಾನದ ನದಿ ನಾಲೆ, ಊರವರೇ ಕಾಯುತ್ತಿದ್ದ ಕೆರೆ, ಇಪ್ಪತ್ತನೆಯ ಶತಮಾನದ ಬೃಹತ್ ಅಣೆಕಟ್ಟು, ಕಲ್ಲು ಗಣಿ, ಪಕ್ಷಿಧಾಮ, ಮಠದ ಕಾಡು ಇವೆಲ್ಲ ಇಲ್ಲಿ ಒಂದೇ ದಿನದ ಪ್ರಯಾಣದ ಅಂತರದಲ್ಲಿವೆ.

ಪರಿಭಾಷೆ

ಒಬ್ಬರ ಉತ್ಪಾದನೆ ಅಥವಾ ಬಳಕೆಯಿಂದ ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬರಿಗೆ ತಟ್ಟುವ ನಷ್ಟ ಅಥವಾ ಲಾಭವನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ನಾಲೆಯ ತಲೆಭಾಗದ ರೈತ ಗದ್ದೆಗೆ ಅಳತೆ ಮೀರಿ ನೀರು ಕಟ್ಟಿಕೊಂಡರೆ ಕೊನೆಭಾಗದವನ ಪೈರು ಒಣಗುತ್ತದೆ. ಈ ನಷ್ಟ ತಲೆಭಾಗದವನ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಇಂಥ ವೆಚ್ಚವನ್ನು ಉಂಟುಮಾಡಿದವರಿಂದಲೇ ತೆರಿಗೆಯ ರೂಪದಲ್ಲಿ ವಸೂಲು ಮಾಡಬೇಕೆಂಬ ವಾದವನ್ನು ಎ.ಸಿ. ಪಿಗೂ 1920ರಲ್ಲಿ ಮುಂದಿಟ್ಟರು. ಹಕ್ಕುಗಳು ಸ್ಪಷ್ಟವಾಗಿದ್ದು ಮಾತುಕತೆಗೆ ಹೆಚ್ಚು ಖರ್ಚಿಲ್ಲದಿದ್ದರೆ ಸಂಬಂಧಪಟ್ಟವರೇ ಒಪ್ಪಂದಕ್ಕೆ ಬರಬಲ್ಲರು ಎಂದು ರೊನಾಲ್ಡ್ ಕೋಸ್ 1960ರಲ್ಲಿ ತೋರಿಸಿದರು.

ಯಾರನ್ನೂ ಹೊರಗಿಡಲು ಸುಲಭವಲ್ಲದ, ಆದರೆ ಒಬ್ಬರು ತೆಗೆದುಕೊಂಡಷ್ಟು ಇನ್ನೊಬ್ಬರಿಗೆ ಕಡಿಮೆಯಾಗುವ ಕೆರೆ, ಗೋಮಾಳ, ಅಂತರ್ಜಲದಂಥವು ಸಾಮುದಾಯಿಕ ಸಂಪನ್ಮೂಲಗಳು. ಇವು ಕೊನೆಗೆ ಹಾಳಾಗಲೇಬೇಕೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಊರವರೇ ನಿಯಮ ಕಟ್ಟಿಕೊಂಡು ಶತಮಾನಗಳ ಕಾಲ ಕಾಪಾಡಿಕೊಂಡ ಉದಾಹರಣೆಗಳನ್ನು ಲೋಕದ ಹಲವೆಡೆಗಳಿಂದ ಕಲೆಹಾಕಿ 1990ರಲ್ಲಿ ಆ ವಾದಕ್ಕೆ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಹಳೆ ಮೈಸೂರಿನ ಕೆರೆ ವ್ಯವಸ್ಥೆ ಅವರ ವಾದವನ್ನು ಬಲವಾಗಿ ಸಮರ್ಥಿಸುತ್ತದೆ.

ಭೂಸ್ವರೂಪ

ನಾಲ್ಕು ತಾಲ್ಲೂಕುಗಳ ಸಂಪತ್ತು ಸಮನಾಗಿ ಹಂಚಿಹೋಗಿಲ್ಲ. ಪ್ರದೇಶದ ವಾರ್ಷಿಕ ಮಳೆ ಸರಾಸರಿ 700 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಅದು ರಾಗಿಗೆ ಸಾಕು, ಭತ್ತಕ್ಕೆ ಸಾಲದು. ಆದ್ದರಿಂದ ಹೊರಗಿನ ನೀರು ಎಲ್ಲಿಗೆ ಹರಿಯುತ್ತದೆ ಎಂಬುದೇ ಭೂಮಿಯ ಬೆಲೆಯನ್ನು ನಿರ್ಧರಿಸಿದೆ. ಕಾವೇರಿ ಎರಡು ಕವಲಾಗಿ ದ್ವೀಪವನ್ನು ಬಳಸಿ ಹರಿಯುವ ಶ್ರೀರಂಗಪಟ್ಟಣ ನಾಲ್ಕರಲ್ಲಿ ಹೆಚ್ಚು ನೀರಿರುವ ತಾಲ್ಲೂಕು. ಪಾಂಡವಪುರದ ದಕ್ಷಿಣ ಭಾಗ ನಾಲೆಯ ನೆಲ. ಉತ್ತರಕ್ಕೆ ಮೇಲುಕೋಟೆಯ ಕಲ್ಲುಬೆಟ್ಟಗಳ ಕಡೆ ಏರಿದಂತೆ ಖುಷ್ಕಿ ಭೂಮಿ ಶುರುವಾಗುತ್ತದೆ. ಕೃಷ್ಣರಾಜಪೇಟೆಯ ಜೀವನದಿ ಹೇಮಾವತಿ, ಅದು ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಉತ್ತರದ ನಾಗಮಂಗಲ ಬಹುಪಾಲು ಮಳೆಯಾಶ್ರಿತ. ರಾಗಿ, ಹುರುಳಿ, ತೆಂಗು ಮತ್ತು ದನಕರು ಅಲ್ಲಿಯ ಬದುಕಿನ ಆಧಾರ. ಆದಿಚುಂಚನಗಿರಿ ಬೆಟ್ಟವಿರುವುದು ಇದೇ ತಾಲ್ಲೂಕಿನ ಬೆಳ್ಳೂರಿನ ಬಳಿ.

ಕಂದಾಯ ದಾಖಲೆಗಳು ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ಮೂರಾಗಿ ವಿಂಗಡಿಸಿವೆ. ಕ್ರಮವಾಗಿ ಮಳೆಯ ಹೊಲ, ನೀರಾವರಿ ಗದ್ದೆ ಮತ್ತು ತೋಟವನ್ನು ಸೂಚಿಸುವ ಈ ವಿಂಗಡಣೆ ನೀರಿನ ಲಭ್ಯತೆಯನ್ನು ಭೂಕಂದಾಯದೊಳಗೇ ಸೇರಿಸಿದ ಹಳೆಯ ಲೆಕ್ಕ.

ಮೂಲ ಮತ್ತು ಬೆಳವಣಿಗೆ

ಕೆರೆಗಳು

ಈ ಭಾಗದ ಅತ್ಯಂತ ಹಳೆಯ ಸಂಪನ್ಮೂಲ ವ್ಯವಸ್ಥೆ ಕೆರೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಅವುಗಳಲ್ಲಿ ಪ್ರಸಿದ್ಧ. ಎರಡು ಕಲ್ಲುಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಲಾಗಿದೆ. ಇದರ ನಿರ್ಮಾಣವನ್ನು ಸಂಪ್ರದಾಯ ರಾಮಾನುಜಾಚಾರ್ಯರ ಕಾಲದೊಂದಿಗೆ ಜೋಡಿಸುತ್ತದೆ. ತಿರುಮಲಸಾಗರವೆಂಬ ಹಳೆಯ ಹೆಸರಿನ ಜೊತೆಗೆ, ನೀರು ತಿಳಿಯಾಗಿರುವುದರಿಂದ ಮೋತಿ ತಲಾಬ್ ಎಂಬ ಹೆಸರೂ ಬಂತು.

ಸಾಂಪ್ರದಾಯಿಕ ಕೆರೆಯ ಅಂಗಗಳು ಏರಿ, ತೂಬು, ಕೋಡಿ ಮತ್ತು ಅಚ್ಚುಕಟ್ಟು. ಇವುಗಳಲ್ಲಿ ಹಂಚಿಕೆಯ ಕೀಲಿ ತೂಬು. ಏರಿಯ ಒಳಮಗ್ಗುಲಲ್ಲಿ ನೀರಿನ ನಡುವೆ ಎರಡು ಎತ್ತರದ ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವೆ ಒಂದರ ಮೇಲೊಂದು ಅಡ್ಡ ಚಪ್ಪಡಿಗಳು, ಪ್ರತಿ ಚಪ್ಪಡಿಯ ಮಧ್ಯದಲ್ಲಿ ಒಂದು ಕಂಡಿ. ಆ ಕಂಡಿಗಳ ಮೂಲಕ ಇಳಿಬಿಟ್ಟ ಉದ್ದನೆಯ ಗಳುವಿನ ತುದಿಯಲ್ಲಿ ಬೆಣೆಯಂಥ ಬಿರಡೆ ಇರುತ್ತದೆ. ಅದು ಕೆರೆಯ ತಳದ ಕಂಡಿಯನ್ನು ಮುಚ್ಚಿಕೊಂಡಿರುತ್ತದೆ. ಗಳುವನ್ನು ಮೇಲಕ್ಕೆತ್ತಿದಷ್ಟು ನೀರು ಏರಿಯ ಅಡಿಯ ಕಲ್ಲುಗಾಲುವೆಗೆ ನುಗ್ಗಿ ಗದ್ದೆ ಬಯಲಿಗೆ ಹರಿಯುತ್ತದೆ. ಅದನ್ನು ಎತ್ತುವ, ಇಳಿಸುವ ಅಧಿಕಾರ ನೀರು ಹಂಚುವ ಊರ ಸೇವಕನಾದ ನೀರುಗಂಟಿಗೆ ಮಾತ್ರ ಇತ್ತು. ಯಾವ ಗದ್ದೆಗೆ ಯಾವ ಸರದಿ, ಮಳೆ ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನಾಟಿ ಎಂಬುದನ್ನು ಊರವರು ಕೂಡಿ ತೀರ್ಮಾನಿಸುತ್ತಿದ್ದರು. ನೀರುಗಂಟಿಗೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಬೆಳೆ ಚೆನ್ನಾದರೆ ಅವನ ಪಾಲೂ ಚೆನ್ನಾಗಿರುವ ಈ ಏರ್ಪಾಡು ನೀರನ್ನು ನ್ಯಾಯವಾಗಿ ಹಂಚಲು ಅವನಿಗೇ ಆಸಕ್ತಿ ಇರುವಂತೆ ಮಾಡಿತ್ತು.

ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ, ದಶಬಂಧ ಮುಂತಾದ ಹೆಸರುಗಳಿಂದ ಕರೆಯುತ್ತವೆ. ನಿರ್ವಹಣೆಯ ಖರ್ಚು ಪ್ರತಿವರ್ಷ ಖಜಾನೆಯಿಂದ ಬರಬೇಕಾಗಿರಲಿಲ್ಲ. ಕೆರೆಯ ಕೆಳಗಿನ ಭೂಮಿಯ ಹುಟ್ಟುವಳಿಯೇ ಅದನ್ನು ಹೊರುತ್ತಿತ್ತು. ಬೇಸಿಗೆಯಲ್ಲಿ ರೈತರು ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರವಾದದ್ದೇ ಕೆರೆಗೆ ಹೂಳು ತೆಗೆದಂತಾಗುತ್ತಿತ್ತು.

ಮೈಸೂರಿನಲ್ಲಿ 1856ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾದ ಮೇಲೆ ಕೆರೆಗಳ ಹೊಣೆ ಹಂತಹಂತವಾಗಿ ಸರ್ಕಾರಕ್ಕೆ ಸರಿಯಿತು. ಊರವರನ್ನು ಮತ್ತೆ ಹೊಣೆಗಾರರನ್ನಾಗಿ ಮಾಡುವ ಪ್ರಯತ್ನವಾಗಿ 1911ರಲ್ಲಿ ಕೆರೆ ಪಂಚಾಯಿತಿ ಕಾಯಿದೆ ಬಂತು, ಆದರೆ ಹಳೆಯ ಕ್ರಮ ಮರಳಲಿಲ್ಲ. ಆಯ ಮತ್ತು ಕೊಡಗೆ ಭೂಮಿ ಎರಡೂ ಕೈಬಿಟ್ಟ ಮೇಲೆ ನಿಯಮ ಉಳಿದರೂ ಅದನ್ನು ನಡೆಸುವ ಆಸಕ್ತಿ ಯಾರಿಗೂ ಉಳಿಯಲಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣವೆನ್ನಬಹುದು.

ನದಿ ನಾಲೆಗಳು

ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ಹರಿವಿನ ಒಂದು ಪಾಲನ್ನು ಪಕ್ಕದ ನಾಲೆಗೆ ತಿರುಗಿಸುವ ಪದ್ಧತಿ ಇಲ್ಲಿ ಹದಿನೇಳನೆಯ ಶತಮಾನದಲ್ಲಿ ಪ್ರೌಢಾವಸ್ಥೆಗೆ ಬಂತು. ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಬಂಗಾರದೊಡ್ಡಿ ನಾಲೆ ಮೇಲ್ಗಾಲುವೆಯ ಮೂಲಕ ನದಿಯ ಕವಲನ್ನು ದಾಟಿ ಶ್ರೀರಂಗಪಟ್ಟಣ ದ್ವೀಪಕ್ಕೆ ನೀರು ಒಯ್ಯುತ್ತದೆ. ಚಿಕ್ಕದೇವರಾಜ ಒಡೆಯರ (1673–1704) ಹೆಸರಿನ ಚಿಕ್ಕದೇವರಾಜಸಾಗರ ನಾಲೆ, ಬಲಮುರಿಯ ಒಡ್ಡಿನಿಂದ ಹೊರಡುವ ವಿರಿಜಾ ನಾಲೆ, ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಗೆ ಕಟ್ಟಿದ ಹೇಮಗಿರಿ ಮತ್ತು ಮಂದಗೆರೆ ಅಣೆಗಳ ನಾಲೆಗಳು ಇದೇ ಬಗೆಯವು. ಒಡ್ಡಿನ ಮೇಲೆ ಹೆಚ್ಚಿನ ನೀರು ಹಾಯ್ದುಹೋಗುವುದರಿಂದ ಕೆಳಗಿನ ನದಿ ಬತ್ತುತ್ತಿರಲಿಲ್ಲ.

ಕನ್ನಂಬಾಡಿ ಬಳಿ ಕಾವೇರಿಗೆ ಅಣೆಕಟ್ಟೆ ಕಟ್ಟುವ ಯೋಚನೆಯನ್ನು ದಾಖಲಿಸುವ ಟಿಪ್ಪು ಸುಲ್ತಾನನ 1794ರ ಪರ್ಷಿಯನ್ ಶಾಸನ ಕೃಷ್ಣರಾಜಸಾಗರದ ಕೆಲಸದ ವೇಳೆ ಸಿಕ್ಕಿತು. ಅದೀಗ ಅಣೆಕಟ್ಟೆಯ ದ್ವಾರದ ಬಳಿ ಇದೆ. ಈ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ಕಾಲುಭಾಗ ಬಿಟ್ಟುಕೊಡುವುದಾಗಿಯೂ ಭೂಮಿ ವಂಶಪಾರಂಪರ್ಯವಾಗಿ ಅವರಲ್ಲೇ ಉಳಿಯುವುದಾಗಿಯೂ ಅದರಲ್ಲಿ ಹೇಳಿದೆ. ತೆರಿಗೆ ರಿಯಾಯಿತಿ ಮತ್ತು ಹಕ್ಕಿನ ಭದ್ರತೆಯ ಮೂಲಕ ಸಂಪನ್ಮೂಲ ಬಳಕೆಗೆ ದಾರಿ ತೋರಿಸುವ ಉಪಾಯ ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಕೃಷ್ಣರಾಜಸಾಗರ

1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರ ಅಣೆಕಟ್ಟೆ ಪ್ರದೇಶದ ಅರ್ಥವ್ಯವಸ್ಥೆಯನ್ನು ಬುಡಮಟ್ಟ ಬದಲಿಸಿತು. ಯೋಜನೆಯನ್ನು ರೂಪಿಸಿದವರು ಆಗಿನ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ ಸುಮಾರು 49.45 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಯೋಜನೆಯ ಆರ್ಥಿಕ ಸಮರ್ಥನೆ ನೀರಾವರಿಯೊಂದರ ಮೇಲೆ ನಿಂತಿರಲಿಲ್ಲ. 1902ರಿಂದ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು, ಬೇಸಿಗೆಯಲ್ಲಿ ನದಿ ಇಳಿದಾಗ ಉತ್ಪಾದನೆಯೂ ಇಳಿಯುತ್ತಿತ್ತು. ವರ್ಷವಿಡೀ ಸಮನಾದ ಹರಿವು ಸಿಕ್ಕರೆ ವಿದ್ಯುತ್ತಿನಿಂದ ಬರುವ ಆದಾಯ ಅಣೆಕಟ್ಟೆಯ ವೆಚ್ಚದ ದೊಡ್ಡ ಭಾಗವನ್ನು ಹೊರಬಲ್ಲದು ಎಂಬುದು ಆಗಿನ ಲೆಕ್ಕ. ಹಿನ್ನೀರಿನಲ್ಲಿ ಕನ್ನಂಬಾಡಿ ಮತ್ತು ಸುತ್ತಲಿನ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎದ್ದುಹೋದವರ ನಷ್ಟವನ್ನು ಯೋಜನೆಯ ಲಾಭದ ಎದುರು ಇಟ್ಟು ನೋಡುವ ಕ್ರಮ ಅಂದಿನ ವರದಿಗಳಲ್ಲಿ ಬೆಳೆದಿರಲಿಲ್ಲ. ಪರಿಸರ ಅರ್ಥಶಾಸ್ತ್ರದ ದೃಷ್ಟಿಯಿಂದ ಅದು ಲೆಕ್ಕದಿಂದ ಬಿಟ್ಟುಹೋದ ವೆಚ್ಚ.

ಎಡದಂಡೆಯಿಂದ ಹೊರಡುವ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು, ಈಗ ಅದು ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಸುರಂಗದ ಮೂಲಕ ಗುಡ್ಡವನ್ನು ದಾಟಿ ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಹರಿಯುತ್ತದೆ. ಇದರ ಕೆಳಗೆ ಮೊದಲು ಜಾರಿಯಾದದ್ದು ಬ್ಲಾಕ್ ಪದ್ಧತಿ. ಅಚ್ಚುಕಟ್ಟನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ ಮತ್ತು ಅರೆ ನೀರಾವರಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಯಬೇಕೆಂಬ ಕಟ್ಟಳೆ ಅದು. ಕಡಿಮೆ ನೀರಿನಿಂದ ಹೆಚ್ಚು ಊರುಗಳಿಗೆ ಪ್ರಯೋಜನ ಸಿಗಲಿ, ನೆಲ ಜೌಗು ಹಿಡಿಯದಿರಲಿ ಎಂಬುದು ಉದ್ದೇಶ. ಜೊತೆಗೆ, ನೀರು ಬಂದು ಬೆಲೆ ಏರಿದ ಜಮೀನಿನ ಮೇಲೆ ಬಂಡವಾಳದ ಪಾಲಾಗಿ ವಂತಿಗೆ ವಿಧಿಸಲಾಯಿತು. ಈ ಎರಡನ್ನೂ ವಿರೋಧಿಸಿ ರೈತರು 1930ರ ದಶಕದ ಮೊದಲ ವರ್ಷಗಳಲ್ಲಿ ನಡೆಸಿದ ಇರ್ವಿನ್ ನಾಲಾ ಚಳವಳಿ ಮೈಸೂರು ಸಂಸ್ಥಾನದ ರೈತ ಹೋರಾಟಗಳಲ್ಲಿ ಮುಖ್ಯವಾದುದು. ಅನಂತರದ ದಶಕಗಳಲ್ಲಿ ಬೆಳೆಯ ಆಯ್ಕೆ ಹೆಚ್ಚುಕಡಿಮೆ ರೈತನ ಕೈಗೆ ಬಂತು, ಕಬ್ಬು ಮತ್ತು ಭತ್ತ ಬಯಲನ್ನು ಆವರಿಸಿದವು.

ಬಳಕೆ: ಬೆಳೆ ಮತ್ತು ನೀರು

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲೇ ಬೆಲ್ಲವನ್ನು ಸಕ್ಕರೆಯಾಗಿ ಶುದ್ಧೀಕರಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಇತ್ತು. ಕಬ್ಬು ಜಿಲ್ಲೆಯ ಗುರುತಾದದ್ದು ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, ಕೃಷಿ ನಿರ್ದೇಶಕ ಲೆಸ್ಲಿ ಕೋಲ್‌ಮನ್ ಅವರ ಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಬಳಿಕ. ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಖಾಸಗಿ ಕಾರ್ಖಾನೆ ಮುಂದೆ ಬಂದವು. ಕಾರ್ಖಾನೆಗೆ ಹೋಗದ ಕಬ್ಬನ್ನು ಆಲೆಮನೆಗಳು ಅರೆಯುತ್ತವೆ.

ಬೆಳೆಗಳ ನೀರಿನ ಅಗತ್ಯದ ಅಂತರ ದೊಡ್ಡದು. ಒಂದು ಹಂಗಾಮಿನ ರಾಗಿಗೆ ಸುಮಾರು 450 ಮಿಲಿಮೀಟರ್ ನೀರು ಸಾಕು. ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ಮತ್ತು ಅದಕ್ಕಿಂತ ಹೆಚ್ಚು ಬೇಕು. ವರ್ಷವಿಡೀ ನೆಲದಲ್ಲಿ ನಿಲ್ಲುವ ಕಬ್ಬು 1,500ರಿಂದ 2,500 ಮಿಲಿಮೀಟರ್ ಬೇಡುತ್ತದೆ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 23,000 ಎಕರೆಯ ಮೇಲೆ ಒಂದಡಿ ನಿಲ್ಲುವಷ್ಟು ನೀರು. ಭತ್ತದ ಗದ್ದೆಗೆ ಒಟ್ಟು ನಾಲ್ಕಡಿ ಎಂದು ಹಿಡಿದರೆ, ನಾಲೆಯಲ್ಲಿ ಹನಿಯೂ ಸೋರದಿದ್ದರೂ, ಒಂದು ಟಿಎಂಸಿ ಅಡಿಯಿಂದ ಬೆಳೆಯುವುದು 5,700 ಎಕರೆ ಮಾತ್ರ. ಜಲಾಶಯದ ಮಟ್ಟ ಒಂದೆರಡು ಅಡಿ ಏರಿಳಿದಾಗ ಜಿಲ್ಲೆಯೆಲ್ಲ ಏಕೆ ಕಾತರಗೊಳ್ಳುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ರೈತ ಕಬ್ಬನ್ನೇ ಆರಿಸಿಕೊಳ್ಳುವುದರ ಹಿಂದೆ ಸ್ಪಷ್ಟ ಕಾರಣಗಳಿವೆ. ಕೇಂದ್ರ ಸರ್ಕಾರ ಕಬ್ಬಿಗೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯನ್ನು ಘೋಷಿಸುತ್ತದೆ. ಕೂಲಿ ಆಳು ಕಡಿಮೆ ಬೇಕು, ಒಮ್ಮೆ ನೆಟ್ಟರೆ ಕೂಳೆ ಬೆಳೆಯೂ ಸಿಗುತ್ತದೆ. ತರಕಾರಿಯ ಬೆಲೆಯಂತೆ ವಾರದೊಳಗೆ ನೆಲಕಚ್ಚುವ ಭಯವಿಲ್ಲ. ಆದರೆ ಕಾರ್ಖಾನೆ ನಿಂತರೆ ಅಥವಾ ಬಾಕಿ ಉಳಿಸಿಕೊಂಡರೆ ಇಡೀ ವರ್ಷದ ಬಂಡವಾಳ ಗದ್ದೆಯಲ್ಲೇ ಒಣಗುತ್ತದೆ. 2015ರಲ್ಲಿ ಜಿಲ್ಲೆಯಲ್ಲಿ ನಡೆದ ರೈತ ಆತ್ಮಹತ್ಯೆಗಳು ಕಬ್ಬಿನ ಬಾಕಿ ಮತ್ತು ಸಾಲದ ಪ್ರಶ್ನೆಯನ್ನು ರಾಜ್ಯದ ಮುಂದೆ ತಂದವು. ನೀರು ಹೆಚ್ಚು ಕುಡಿಯುವ ಬೆಳೆಯನ್ನು ದೂರುವ ಮೊದಲು, ರೈತನಿಗೆ ಅಷ್ಟೇ ಭದ್ರತೆ ಕೊಡುವ ಬೇರೆ ಬೆಳೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.

ಬೆಲೆ, ಕರ ಮತ್ತು ಸಬ್ಸಿಡಿ

ಕರ್ನಾಟಕದ ನೀರಾವರಿ ಕಾನೂನುಗಳ ಅಡಿಯಲ್ಲಿ ನೀರಿನ ಕರವನ್ನು ಬೆಳೆ ಮತ್ತು ಎಕರೆಯ ಆಧಾರದ ಮೇಲೆ ವಿಧಿಸಲಾಗುತ್ತದೆ. ಬಳಸಿದ ನೀರಿನ ಅಳತೆಗೂ ಕರಕ್ಕೂ ಸಂಬಂಧವಿಲ್ಲ. ಎಕರೆಗೆ ಒಮ್ಮೆ ಕರ ಕಟ್ಟಿದವನಿಗೆ ಆಮೇಲಿನ ಪ್ರತಿ ಅಡಿ ನೀರೂ ಪುಕ್ಕಟೆ, ಉಳಿಸಿದರೆ ಸಿಗುವುದೇನೂ ಇಲ್ಲ. ಈ ವ್ಯವಸ್ಥೆಯ ಮೂಲಭೂತ ಕೊರತೆ ಇದೇ. ಕೊನೆಭಾಗದ ರೈತರು ಅದೇ ಕರಕ್ಕೆ ಅರೆಬರೆ ನೀರು ಪಡೆಯುತ್ತಾರೆ. ಪರಿಹಾರವಾಗಿ ಕರ್ನಾಟಕ ನೀರಾವರಿ ಕಾಯಿದೆ, 1965ಕ್ಕೆ 2000ದಲ್ಲಿ ತಂದ ತಿದ್ದುಪಡಿಯ ಮೂಲಕ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನೀರನ್ನು ಅಳೆದು ಒಟ್ಟಾಗಿ ಕೊಡುವ, ಸಂಘ ಅದನ್ನು ತನ್ನ ಸದಸ್ಯರಿಗೆ ಹಂಚುವ ಏರ್ಪಾಡಿಗೆ ಅವಕಾಶ ಮಾಡಲಾಯಿತು. ಕಾವೇರಿ ಕಣಿವೆಯ ನಾಲೆಗಳನ್ನು 2003ರಲ್ಲಿ ರಚನೆಯಾದ ಕಾವೇರಿ ನೀರಾವರಿ ನಿಗಮ ನೋಡಿಕೊಳ್ಳುತ್ತದೆ. ಬರದ ವರ್ಷಗಳಲ್ಲಿ ನಿಗದಿತ ದಿನ ನೀರು ಹರಿಸಿ, ನಿಗದಿತ ದಿನ ನಿಲ್ಲಿಸುವ ಕಟ್ಟು ಪದ್ಧತಿಯನ್ನು ಅನುಸರಿಸಲಾಗುತ್ತದೆ.

ತಲೆಭಾಗದ ಅತಿನೀರಿಗೆ ಇನ್ನೊಂದು ಬೆಲೆಯೂ ಇದೆ. ಬಸಿಗಾಲುವೆಗಳು ಕಟ್ಟಿಕೊಂಡ ತಗ್ಗು ಗದ್ದೆಗಳಲ್ಲಿ ನೀರು ನಿಂತು ಉಪ್ಪು ಮೇಲೇರಿ ನೆಲ ಚೌಳಾಗುತ್ತದೆ. ತಲೆಭಾಗದಲ್ಲಿ ಹೆಚ್ಚಾದ ನೀರು, ಕೊನೆಭಾಗದಲ್ಲಿ ಸಾಲದ ನೀರು ಎರಡೂ ಒಂದೇ ತಪ್ಪು ಲೆಕ್ಕದ ಫಲ.

ಅಂತರ್ಜಲದ ಕಡೆ ಬೆಲೆಯ ಸಂಕೇತ ಇನ್ನೂ ಕ್ಷೀಣ. 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ನಾಗಮಂಗಲದಂಥ ಮಳೆಯಾಶ್ರಿತ ತಾಲ್ಲೂಕಿನ ತೆಂಗು ಬೆಳೆಗಾರನಿಗೆ ಕೊಳವೆಬಾವಿಯೇ ನಾಲೆ, ಆದ್ದರಿಂದ ಈ ಸಬ್ಸಿಡಿಗೆ ನ್ಯಾಯದ ಸಮರ್ಥನೆ ಇದೆ. ನಾಲೆಯ ರೈತನಿಗೆ ಸರ್ಕಾರದ ಬಂಡವಾಳದಿಂದ ನೀರು ಬಂದರೆ, ಇವನು ಬಾವಿ ಕೊರೆಸುವ ಖರ್ಚನ್ನೂ ಬಾವಿ ಬತ್ತುವ ಅಪಾಯವನ್ನೂ ತಾನೇ ಹೊರುತ್ತಾನೆ. ಆದರೆ ನೆಲದಡಿಯ ನೀರು ಎಲ್ಲರದೂ ಆಗಿರುವುದರಿಂದ ಒಬ್ಬರು ಆಳಕ್ಕಿಳಿದಂತೆ ನೆರೆಯವರ ಬಾವಿ ಬತ್ತುತ್ತದೆ. 2011ರ ಕರ್ನಾಟಕ ಅಂತರ್ಜಲ ಕಾಯಿದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ, ನೋಂದಣಿಗಳನ್ನು ಕಡ್ಡಾಯ ಮಾಡಿದೆ.

ನದಿ ಹಂಚಿಕೆ

ಕಾವೇರಿಯ ನೀರಿನ ಹಕ್ಕು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವಿನ 1892 ಮತ್ತು 1924ರ ಒಪ್ಪಂದಗಳಿಂದ ಶುರುವಾಗುತ್ತದೆ. 1990ರಲ್ಲಿ ಕಾವೇರಿ ಜಲವಿವಾದ ನ್ಯಾಯಾಧಿಕರಣ ರಚನೆಯಾಯಿತು. 1991ರ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ಸಿಗುವಂತೆ ಮಾಡಬೇಕೆಂದಿತು. 2007ರ ಅಂತಿಮ ತೀರ್ಪು 740 ಟಿಎಂಸಿ ಅಡಿಯನ್ನು ಒಟ್ಟು ಲಭ್ಯತೆ ಎಂದು ಹಿಡಿದು ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಉಳಿದ 14ರಲ್ಲಿ 10 ಪರಿಸರ ರಕ್ಷಣೆಗೆ, 4 ಸಮುದ್ರಕ್ಕೆ ಅನಿವಾರ್ಯವಾಗಿ ಹರಿದುಹೋಗುವ ಪಾಲು. ನದಿಗೇ ಒಂದು ಪಾಲು ಬರೆದಿಟ್ಟದ್ದು ಈ ತೀರ್ಪಿನ ಮಹತ್ವದ ಅಂಶ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು, ತಮಿಳುನಾಡಿನ ಪಾಲು 404.25ಕ್ಕೆ ಇಳಿಯಿತು. ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ತಮಿಳುನಾಡಿಗೆ ಹರಿಸಬೇಕಾದ ಪ್ರಮಾಣ 192ರಿಂದ 177.25 ಆಯಿತು. ಹೆಚ್ಚುವರಿ 14.75ರಲ್ಲಿ 10 ಟಿಎಂಸಿ ಅಡಿಗೆ ತಮಿಳುನಾಡಿನ ಅಂತರ್ಜಲದ ಲಭ್ಯತೆಯೇ ಆಧಾರ. ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿಗಾಗಿ. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಮಳೆ ಸೋತ 2023ರಲ್ಲಿ ಪ್ರಾಧಿಕಾರದ ಆದೇಶಗಳ ವಿರುದ್ಧ ಶ್ರೀರಂಗಪಟ್ಟಣ, ಮಂಡ್ಯ ಭಾಗದಲ್ಲಿ ತಿಂಗಳುಗಟ್ಟಲೆ ಪ್ರತಿಭಟನೆ ನಡೆಯಿತು. ವಾಡಿಕೆಯ ವರ್ಷದ ಹಂಚಿಕೆಗೆ ಅಂಕಿಗಳಿವೆ, ಕೊರತೆಯ ವರ್ಷ ನಷ್ಟವನ್ನು ಹಂಚಿಕೊಳ್ಳುವ ಸೂತ್ರವೇ ಇಂದಿಗೂ ವಿವಾದದ ಕೇಂದ್ರ.

ಕಲ್ಲು ಮತ್ತು ಖನಿಜ

ನೀರು ಮಳೆಗಾಲದಲ್ಲಿ ಮರುಪೂರಣವಾಗುತ್ತದೆ, ಕಲ್ಲು ಆಗುವುದಿಲ್ಲ. ಮುಗಿದುಹೋಗುವ ಸಂಪನ್ಮೂಲವನ್ನು ಇಂದು ತೆಗೆಯುವುದೋ ನಾಳೆಗೆ ಉಳಿಸುವುದೋ ಎಂಬ ಆಯ್ಕೆಯನ್ನು ಬಡ್ಡಿದರದೊಂದಿಗೆ ಜೋಡಿಸಿ ವಿವರಿಸಿದ್ದು ಹೆರಾಲ್ಡ್ ಹೊಟೆಲಿಂಗ್ ಅವರ 1931ರ ಲೇಖನ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಇದಕ್ಕಿಂತ ತುರ್ತಿನ ಪ್ರಶ್ನೆ ಎದ್ದಿತು. ದನಗಳ ಜಾತ್ರೆಗೆ ಹೆಸರಾದ ಈ ಬೆಟ್ಟದ ಸುತ್ತ ಗ್ರಾನೈಟ್ ಗಣಿ ಮತ್ತು ಜಲ್ಲಿ ಕ್ರಷರ್‌ಗಳು ಹೆಚ್ಚಿದವು. ಬಂಡೆಗೆ ಕುಳಿ ಕೊರೆದು ಸ್ಫೋಟಕ ತುಂಬಿ ಸಿಡಿಸುವಾಗ ಎದ್ದ ಕಂಪನ ಕೃಷ್ಣರಾಜಸಾಗರಕ್ಕೆ ಅಪಾಯವೆಂಬ ಆತಂಕ ಮೂಡಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಅಣೆಕಟ್ಟೆ ಎಂಬುದು ಆತಂಕವನ್ನು ಹೆಚ್ಚಿಸಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 2018ರಲ್ಲೇ ಗಣಿಗಾರಿಕೆಯ ವಿರುದ್ಧ ವರದಿ ಕೊಟ್ಟಿತ್ತು. 2022ರಲ್ಲಿ ಪರೀಕ್ಷಾರ್ಥ ಸ್ಫೋಟಕ್ಕೆ ಸಿದ್ಧತೆ ನಡೆದಾಗ ರೈತಸಂಘ ಅದನ್ನು ವಿರೋಧಿಸಿತು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿದು, 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯ ಅಡಿಯಲ್ಲಿ ಅಧ್ಯಯನ ನಡೆಯಬೇಕೆಂದಿತು.

ಗಣಿಯಿಂದ ಸರ್ಕಾರಕ್ಕೆ ಬರುವುದು ಟನ್ನಿಗೆ ಇಷ್ಟೆಂಬ ರಾಜಧನ. ಅಣೆಕಟ್ಟೆಗೆ ಧಕ್ಕೆಯಾಗುವ ಸಂಭವ ಎಷ್ಟೇ ಕಡಿಮೆಯಿರಲಿ, ಆದಾಗ ಆಗುವ ಹಾನಿಗೆ ಮಿತಿಯಿಲ್ಲ. ಇಂಥಲ್ಲಿ ಸರಾಸರಿ ಲಾಭ ನಷ್ಟದ ಲೆಕ್ಕಕ್ಕಿಂತ ಮುನ್ನೆಚ್ಚರಿಕೆಯ ತತ್ತ್ವವೇ ಸರಿಯಾದ ಅಳತೆಗೋಲು. ಮುನ್ನೆಚ್ಚರಿಕೆ ಮತ್ತು ಮಾಲಿನ್ಯಕಾರನೇ ವೆಚ್ಚ ಭರಿಸಬೇಕೆಂಬ ತತ್ತ್ವಗಳನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಪ್ರಕರಣದಲ್ಲಿ ದೇಶದ ಕಾನೂನಿನ ಭಾಗವೆಂದು ಒಪ್ಪಿದೆ.

ಕಾಡು, ಗೋಮಾಳ ಮತ್ತು ವನ್ಯಜೀವಿ

ದೊಡ್ಡ ಅರಣ್ಯ ಈ ಭಾಗದಲ್ಲಿಲ್ಲ, ಇರುವುದು ಕುರುಚಲು ಕಾಡು. ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ಬೆಟ್ಟದ ತುಂಬ ಕಲ್ಯಾಣಿ, ಕೊಳಗಳಿರುವ ಮೇಲುಕೋಟೆಯಲ್ಲಿ ಸುತ್ತಲಿನ ಕಾಡೇ ಅವುಗಳ ಜಲಾನಯನ. ಶ್ರೀರಂಗಪಟ್ಟಣದ ರಂಗನತಿಟ್ಟು ಹದಿನೇಳನೆಯ ಶತಮಾನದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳ ಗುಂಪು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೆನಿಸಿತು. ನೀರಾವರಿಗಾಗಿ ಕಟ್ಟಿದ ಒಡ್ಡು ಯಾರೂ ಯೋಚಿಸದ ಇನ್ನೊಂದು ಸಂಪತ್ತನ್ನು ಸೃಷ್ಟಿಸಿದ್ದು ಒಳ್ಳೆಯ ಬಾಹ್ಯ ಪರಿಣಾಮಕ್ಕೆ ನಿದರ್ಶನ.

ಆದಿಚುಂಚನಗಿರಿಯ ಬೆಟ್ಟ ಮತ್ತು ಕಾಡನ್ನು 1981ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ ವಿಸ್ತೀರ್ಣದ ಈ ಪುಟ್ಟ ಧಾಮದ ಉಳಿವಿಗೆ ಬೇಲಿ, ಕಾವಲುಗಾರರಿಗಿಂತ ಹೆಚ್ಚಾಗಿ ಕ್ಷೇತ್ರದ ಮೇಲಿನ ಭಕ್ತಿ ಕಾರಣ. ಕಾಲಭೈರವನ ಕ್ಷೇತ್ರದಲ್ಲಿ ನವಿಲಿಗೆ ಕಲ್ಲೆಸೆಯಬಾರದೆಂಬ ಭಾವನೆಗೆ ಕಾನೂನಿನ ಜಾರಿ ವೆಚ್ಚವಿಲ್ಲ. 1974ರಿಂದ 2013ರವರೆಗೆ ಅಲ್ಲಿಯ ಮಠದ ಪೀಠಾಧಿಪತಿಗಳಾಗಿದ್ದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಮಠ ವನಸಂವರ್ಧನೆಯನ್ನು ತನ್ನ ಕಾರ್ಯಕ್ರಮಗಳಲ್ಲಿ ಒಂದಾಗಿ ಮಾಡಿಕೊಂಡು ದೊಡ್ಡ ಪ್ರಮಾಣದಲ್ಲಿ ಸಸಿ ನೆಡಿಸಿತು. ಧಾರ್ಮಿಕ ಸಂಸ್ಥೆಯೊಂದು ಸಾಮುದಾಯಿಕ ಸಂಪನ್ಮೂಲದ ಕಾವಲುಗಾರನಾಗುವ ಈ ಮಾದರಿ ದೇವರಕಾಡುಗಳ ಹಳೆಯ ಸಂಪ್ರದಾಯದ ಮುಂದುವರಿಕೆ.

ಹಾನಿಗೆ ಪರಿಹಾರ ಕೊಟ್ಟು ಜೀವಿಗಳನ್ನು ಉಳಿಸಿಕೊಳ್ಳುವ ಕ್ರಮಕ್ಕೆ ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಉದಾಹರಣೆ. ಹಕ್ಕಿಗಳು ಗೂಡು ಕಟ್ಟುವ ಹುಣಸೆ ಮರಗಳ ಫಸಲು ನಷ್ಟಕ್ಕೆ ಅರಣ್ಯ ಇಲಾಖೆ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಕಬ್ಬಿನ ಗದ್ದೆಗಳಲ್ಲಿ ಮರಿ ಹಾಕುವ ಚಿರತೆಗಳ ವಿಷಯದಲ್ಲಿ ಇಂಥ ಸರಳ ಏರ್ಪಾಡು ಸಾಧ್ಯವಾಗಿಲ್ಲ.

ಗೋಮಾಳಕ್ಕೆ ನೂರು ದನಗಳಿಗೆ 30 ಎಕರೆಯಂತೆ ಭೂಮಿ ಕಾಯ್ದಿರಿಸಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ದನಕರು ಕಡಿಮೆಯಾಯಿತೆಂಬ ಲೆಕ್ಕದ ಮೇಲೆ ಗೋಮಾಳ ಬೇರೆ ಉದ್ದೇಶಗಳಿಗೆ ಹೋಗುತ್ತಿದೆ. ಕುರಿ ಸಾಕುವ ಭೂಹೀನರಿಗೆ ಇದರಿಂದ ಆಗುವ ನಷ್ಟ ಯಾವ ದಾಖಲೆಗೂ ಬರುವುದಿಲ್ಲ.

ಇಂದಿನ ಸ್ಥಿತಿ

ಗೊರೂರಿನ ಹೇಮಾವತಿ ಜಲಾಶಯದ ಎಡದಂಡೆ ನಾಲೆ ಕೃಷ್ಣರಾಜಪೇಟೆ, ನಾಗಮಂಗಲ ಕಡೆಗೆ ನೀರು ತಂದಿದೆ. ನಾಗಮಂಗಲದ ಸ್ವಲ್ಪ ಭಾಗಕ್ಕೆ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದ ನೀರು ಸಿಗುತ್ತದೆ. ನಾಲೆಯ ನೀರಿನಿಂದ ಕೆರೆ ತುಂಬಿಸುವ ಯೋಜನೆಗಳು ಖುಷ್ಕಿ ಊರುಗಳ ಮುಖ್ಯ ಬೇಡಿಕೆ. ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳೂ ಚೇತರಿಸಿಕೊಳ್ಳುತ್ತವೆ. ಆದ್ದರಿಂದ ಈ ಬೇಡಿಕೆಗೆ ಆರ್ಥಿಕ ಆಧಾರ ಗಟ್ಟಿಯಾಗಿದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿ ವ್ಯವಸ್ಥೆಯ ವಶದಲ್ಲಿವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಹೊಣೆ. 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿಗೆ ಪ್ರತ್ಯೇಕ ಕಾಯಿದೆಯೂ ಬಂತು. ಒತ್ತುವರಿ ತೆರವಿನ ಕೆಲಸ ಮಾತ್ರ ನಿಧಾನ.

ನಗರಗಳ ಬೇಡಿಕೆ ಹೆಚ್ಚುತ್ತಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಒಯ್ಯುವ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಕುಡಿಯುವ ನೀರಿಗೆ ಆದ್ಯತೆ ಎಂಬುದರಲ್ಲಿ ವಿವಾದವಿಲ್ಲ. ಆದರೆ ನಗರದ ನೀರಿನ ಬಿಲ್ಲಿನಲ್ಲಿ ಪಂಪು, ಕೊಳವೆಗಳ ಖರ್ಚು ಇದೆ, ಕಣಿವೆಯ ಕೆರೆ ಕಾಡುಗಳ ರಕ್ಷಣೆಗೆಂದು ಕೊಡುವ ಪಾಲಿಲ್ಲ.

ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಸುಮಾರು 1,600 ಟನ್ ಲಿಥಿಯಂ ನಿಕ್ಷೇಪವನ್ನು ಅಂದಾಜು ಮಾಡಿದೆ. ಇದು ಊಹಿತ ವರ್ಗದ ಅಂದಾಜು, ಗಣಿಗಾರಿಕೆಗೆ ಲಾಭಕರವೆಂದು ಇನ್ನೂ ಸ್ಥಾಪಿತವಾಗಿಲ್ಲ. ಬ್ಯಾಟರಿ ಉದ್ಯಮದ ಬೇಡಿಕೆಯಿಂದಾಗಿ ಈ ಲೋಹಕ್ಕೆ ಬೆಲೆ ಇದೆ. ಅದನ್ನು ಬೇರ್ಪಡಿಸಲು ಬೇಕಾದ ನೀರು ಯಾವ ನಾಲೆಯ ಪಾಲಿನಿಂದ ಬರಬೇಕು, ಉಳಿಯುವ ಕಲ್ಲುಪುಡಿ ಎಲ್ಲಿ ಸೇರಬೇಕು ಎಂಬುದನ್ನು ಯಾವುದೇ ಪರವಾನಗಿಗೆ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.